ಆಪ್ತಸಲಹೆ ಪ್ರಕರಣ: ಹಾಳಾದ ಯಂತ್ರ, ಮುರಿದುಕೊಂಡ ಸಂಬಳ

ಉಡುಪಿಯ ಹೊರವಲಯದಲ್ಲಿರುವ ಬ್ಯಾನರ್ ಮುದ್ರಣದ ಘಟಕವೊಂದರಲ್ಲಿ ಯಂತ್ರ ನಡೆಸುವ, 26ರ ಹರೆಯದ ಯುವಕನನ್ನು ಆತನ ತಾಯಿ ನನ್ನಲ್ಲಿಗೆ ಕರೆತಂದದ್ದು ನಿದ್ದೆಯ ತೊಂದರೆಗಾಗಿ. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಬರೆಯುವುದಕ್ಕೆ ಆತನ ಒಪ್ಪಿಗೆಯಿದೆ.) ನಡುರಾತ್ರಿ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಯಂತ್ರದ ಮುಂದೆ ನಿಂತರೆ ಕೈ ನಡುಗುತ್ತಿತ್ತು. ಸಂಬಳದ ವಿಷಯವನ್ನು ಆತ ತಾನಾಗಿ ಎತ್ತಲೇ ಇಲ್ಲ. ಮನೆಯ ಖರ್ಚುವೆಚ್ಚದ ಬಗ್ಗೆ ಕೇಳುತ್ತಾ ಹೋದಾಗ, "ತಿಂಗಳಿಗೆ ನಾಲ್ಕು ಸಾವಿರ ಹಿಡಿಯುತ್ತಾರೆ ಮೇಡಂ, ಅದು ನಾನೇ ಮಾಡಿಕೊಂಡದ್ದು" ಎಂದು ತಲೆ ತಗ್ಗಿಸಿ ಹೇಳಿದ.

ನಡೆದದ್ದು ಇಷ್ಟು. ಆಟಿ ತಿಂಗಳ ಬಿಡದ ಮಳೆ. ಅಷ್ಟಮಿಯ ಆರ್ಡರುಗಳ ಗಡಿಬಿಡಿ. ಥಂಡಿ ಹಿಡಿದಿದ್ದ ವಿನೈಲ್ ರೋಲಿನ ಅಂಚು ಮುದ್ರಣದ ನಡುವೆ ಮುದುರಿ ಮೇಲೆದ್ದು, ಅತ್ತಿಂದಿತ್ತ ಓಡುತ್ತಾ ಶಾಯಿ ಚಿಮ್ಮಿಸುವ ಪ್ರಿಂಟ್ ಹೆಡ್ಡಿಗೆ ತಾಗಿತು. ಕೂಡಲೇ ಯಂತ್ರ ನಿಲ್ಲಿಸಿ ನಾಝಲ್ ಚೆಕ್ (ಹೆಡ್ಡಿನ ರಂಧ್ರಗಳಿಂದ ಶಾಯಿ ಸರಿಯಾಗಿ ಬರುತ್ತಿದೆಯೇ ಎಂದು ನೋಡುವ ಪರೀಕ್ಷಾ ಮುದ್ರಣ) ತೆಗೆದಾಗ ಕಪ್ಪು ಬಣ್ಣದ ಗೆರೆಗಳಲ್ಲಿ ಅರ್ಧದಷ್ಟು ಕಾಗದದ ಮೇಲೆ ಮೂಡಲೇ ಇಲ್ಲ. ಹೊಸ ಹೆಡ್ಡಿಗೆ ಬಿದ್ದ ಖರ್ಚು 85,000 ರೂಪಾಯಿ, ಆತನ ಸಂಬಳ 16,000. ಇಡೀ ಮೊತ್ತವನ್ನು ಆತನೇ ತೀರಿಸಬೇಕೆಂದು ಬಾಯಿಮಾತಿನಲ್ಲಿ ತೀರ್ಮಾನವಾಯಿತು.

ಮಾಲೀಕರು ಕೆಟ್ಟ ಮನುಷ್ಯರಾಗಿದ್ದರೆ ಈ ಪ್ರಕರಣ ಸುಲಭವಾಗುತ್ತಿತ್ತು. ಅವರು ಆತನ ಊರಿನವರೇ. ಹಿಂದೊಮ್ಮೆ ತಂದೆ ಆಸ್ಪತ್ರೆ ಸೇರಿದಾಗ ಕೇಳುವ ಮೊದಲೇ 20,000 ರೂಪಾಯಿ ತಂದು ಕೈಗಿಟ್ಟವರು. ಹೆಡ್ ಹಾಳಾದ ದಿನವೂ ಒಂದು ಮಾತು ಬೈಯಲಿಲ್ಲ. "ಬೈದಿದ್ದರೆ ಒಳ್ಳೆಯದಿತ್ತು" ಎಂದ ಆತ. ಉಪಕಾರದ ಋಣ, ಸಾಲದ ಬಾಕಿ, ಯಂತ್ರದ ನಷ್ಟ, ಈ ಮೂರೂ ಆತನ ಮನಸ್ಸಿನಲ್ಲಿ ಒಂದೇ ಗಂಟಾಗಿದ್ದವು. ಪ್ರತಿ ತಿಂಗಳು ಹಣ ಕಡಿತವಾದಾಗ ಆತನಿಗೆ ಸಿಟ್ಟು ಬರುತ್ತಿರಲಿಲ್ಲ, ಒಂದೆರಡು ದಿನದ ಮಟ್ಟಿಗೆ ಸಮಾಧಾನವೇ ಸಿಗುತ್ತಿತ್ತು. ನನ್ನ ದೃಷ್ಟಿಯಲ್ಲಿ ಚಿಂತೆಗೆ ಕಾರಣವಾಗಬೇಕಾದ ಸಂಗತಿ ಅದು. ಶಿಕ್ಷೆ ಅನುಭವಿಸುವುದರಲ್ಲೇ ನೆಮ್ಮದಿ ಕಾಣತೊಡಗಿದವರು ಅದನ್ನು ಪ್ರಶ್ನಿಸುವುದು ಅಪರೂಪ.

ತಾಯಿಗೂ ಇದು ಸಹಜವಾಗಿಯೇ ಕಂಡಿತ್ತು. "ದೈವಕ್ಕೆ ತಪ್ಪುಕಾಣಿಕೆ ಹಾಕುವುದಿಲ್ಲವಾ, ಹಾಗೆ ಅಂತ ತಿಳಿದುಕೊಳ್ಳುವುದು" ಎಂದರು. ತಪ್ಪುಕಾಣಿಕೆ ಹಾಕಿ ಕೈಮುಗಿದರೆ ವಿಷಯ ಅಲ್ಲಿಗೆ ಮುಗಿಯುತ್ತದೆ, ಅದನ್ನು ಇಪ್ಪತ್ತೆರಡು ತಿಂಗಳ ಕಂತಿನಲ್ಲಿ ಯಾರೂ ಕಟ್ಟುವುದಿಲ್ಲ ಎಂದು ನಾನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನ ಮುಖ ನೋಡಿದರು.

ಆ ದಿನದ ಘಟನೆಯನ್ನು ಬರೆದು ತರುವಂತೆ ಆತನಿಗೆ ಸೂಚಿಸಿದೆ. ಮೊದಲು ತಂದದ್ದು ಮೂರೇ ಸಾಲು. ಮೂರರಲ್ಲೂ "ನಾನು ಗಮನ ಕೊಡಲಿಲ್ಲ" ಎಂಬುದೇ ಬೇರೆ ಬೇರೆ ರೂಪದಲ್ಲಿತ್ತು. ರೋಲ್ ಎಲ್ಲಿ ಇಟ್ಟಿತ್ತು, ಅಲ್ಲಿ ಇಟ್ಟವರು ಯಾರು, ಆ ಹೊತ್ತಿನಲ್ಲಿ ಯಂತ್ರದ ಬಳಿ ಎಷ್ಟು ಜನ ಇರಬೇಕಿತ್ತು ಎಂದು ಒಂದೊಂದಾಗಿ ಕೇಳಿದ ಮೇಲೆ ಉಳಿದದ್ದು ಹೊರಬಂತು. ವಿನೈಲನ್ನು ಬಿಸಿಮಾಡಿ ಸಪಾಟಾಗಿಡುವ ಹೀಟರ್ ಮೇ ತಿಂಗಳಿನಿಂದಲೇ ಕೆಟ್ಟಿತ್ತು. ಆತ ಅದನ್ನು ಹೇಳಿದ್ದ. ಮಳೆಗಾಲ ಮುಗಿಯಲಿ ಎಂಬ ಉತ್ತರ ಬಂದಿತ್ತು. ರೋಲುಗಳನ್ನು ಒರಗಿಸಿಟ್ಟಿದ್ದ ಗೋಡೆಯಲ್ಲಿ ನೀರು ಜಿನುಗುತ್ತಿತ್ತು. ಜೊತೆಯ ಕೆಲಸಗಾರ ರಜೆಯಲ್ಲಿದ್ದುದರಿಂದ, ಮುದ್ರಣ ನಡೆಯುತ್ತಿರುವಾಗಲೇ ಇನ್ನೊಂದು ಬ್ಯಾನರಿಗೆ ರಿಂಗ್ ಹೊಡೆಯಲು ಆತ ಆಚೆ ಹೋಗಿದ್ದ.

ಆತನ ಪಾಲು ಏನೂ ಇಲ್ಲವೆಂದು ನಾನು ಹೇಳಲಿಲ್ಲ. ತಪ್ಪಿತಸ್ಥ ಭಾವನೆಯಿಂದ ಬಳಲುವವರಿಗೆ "ನಿನ್ನದೇನೂ ತಪ್ಪಿಲ್ಲ" ಎಂದರೆ ಅವರು ಅದನ್ನು ನಂಬುವುದಿಲ್ಲ, ಹೇಳಿದವರನ್ನೂ ನಂಬುವುದಿಲ್ಲ. ಯಂತ್ರವನ್ನು ಬಿಟ್ಟು ಹೋದದ್ದು ಆತನ ಪಾಲು. ಕೆಟ್ಟ ಹೀಟರ್, ಒದ್ದೆ ಗೋಡೆ, ಇಬ್ಬರ ಕೆಲಸಕ್ಕೆ ಒಬ್ಬ, ಇವು ಆತನದಲ್ಲ. ತನ್ನಿಂದ ಏನು ತಪ್ಪಿತು ಎಂಬ ಪ್ರಶ್ನೆಯೂ ತಾನು ಎಷ್ಟು ಹಣ ಕೊಡಬೇಕು ಎಂಬ ಪ್ರಶ್ನೆಯೂ ಬೇರೆ ಬೇರೆ ಎಂಬುದನ್ನು ಒಪ್ಪಿಕೊಳ್ಳಲು ಆತನಿಗೆ ಸಾಕಷ್ಟು ಸಮಯ ಬೇಕಾಯಿತು.

ಎರಡನೆಯ ಪ್ರಶ್ನೆಗೆ ಕಾನೂನು ಉತ್ತರ ಕೊಡುತ್ತದೆ. 1936ರ ವೇತನ ಪಾವತಿ ಕಾಯ್ದೆಯಲ್ಲಿ ಇದ್ದದ್ದೂ, 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆಯಲ್ಲಿ ಇರುವುದೂ ತಿರುಳಿನಲ್ಲಿ ಒಂದೇ: ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ವಸ್ತು ನೇರವಾಗಿ ಅವನ ನಿರ್ಲಕ್ಷ್ಯದಿಂದ ಅಥವಾ ಲೋಪದಿಂದ ಹಾಳಾಗಿದ್ದರೆ ಮಾತ್ರ ಅದರ ನಷ್ಟವನ್ನು ಸಂಬಳದಿಂದ ಮುರಿದುಕೊಳ್ಳಬಹುದು, ಹಾಗೆ ಮುರಿದುಕೊಳ್ಳುವ ಮೊದಲು ಅವನ ಸಮಜಾಯಿಷಿ ಕೇಳಲೇಬೇಕು, ಆದ ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಘಟಕದಲ್ಲಿ ಮೂವರು ಸರದಿಯಂತೆ ನಡೆಸುತ್ತಿದ್ದ ಯಂತ್ರ ಒಬ್ಬನ ವಶದಲ್ಲಿತ್ತು ಎನ್ನುವುದು ಕಷ್ಟ. ವರ್ಷಗಟ್ಟಲೆ ದುಡಿದು ಸವೆದಿದ್ದ ಹೆಡ್ಡಿಗೆ ಹೊಸದರ ಪೂರ್ತಿ ಬೆಲೆ ಕೇಳುವುದಂತೂ ನಷ್ಟ ತುಂಬಿಸಿಕೊಳ್ಳುವುದಾಗಲಿಲ್ಲ, ಕೆಲಸಗಾರನ ಖರ್ಚಿನಲ್ಲಿ ಯಂತ್ರವನ್ನು ಹೊಸದು ಮಾಡಿಕೊಂಡಂತಾಯಿತು. ಅರ್ಧ ಸಂಬಳದವರೆಗೆ ಹಿಡಿಯಲು ಅವಕಾಶವಿದೆಯೆಂದು ಘಟಕದ ಲೆಕ್ಕ ಬರೆಯುವವರು ಹೇಳಿದ್ದರಂತೆ. ಶೇಕಡಾ 50 ಎಂಬುದು ಎಲ್ಲ ಬಗೆಯ ಕಡಿತಗಳೂ ಸೇರಿ ದಾಟಬಾರದ ಮಿತಿಯೇ ಹೊರತು ಅಷ್ಟನ್ನು ಹಿಡಿಯಲು ಕೊಟ್ಟ ಪರವಾನಗಿಯಲ್ಲ.

ಇಲ್ಲಿಂದ ಮುಂದಿನದು ನನ್ನ ವ್ಯಾಪ್ತಿಯ ಹೊರಗಿನದು. ಆದ್ದರಿಂದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ಸಲಹೆ ದೊರೆಯುತ್ತದೆಂದೂ 15100 ಅದರ ರಾಷ್ಟ್ರೀಯ ಸಹಾಯವಾಣಿಯೆಂದೂ ತಿಳಿಸಿದೆ. ಸಂಹಿತೆಯ ಪ್ರಕಾರ ಇಂತಹ ಹಕ್ಕುಕೋರಿಕೆಗೆ ಮೂರು ವರ್ಷಗಳ ಅವಧಿಯಿದೆ. ಅವಸರದಲ್ಲಿ ನಿರ್ಧರಿಸಬೇಕಾಗಿಲ್ಲ ಎಂಬುದೇ ಆತನಿಗೆ ದೊಡ್ಡ ನಿರಾಳವಾಯಿತು.

ನಾನು ಕೊಟ್ಟ ಸಲಹೆ ಚಿಕ್ಕದು. ಆಸ್ಪತ್ರೆಗೆಂದು ಪಡೆದ 20,000 ಸಾಲವೇ ಹೌದು, ಅದನ್ನು ಒಪ್ಪಿಕೊಂಡು ಬೇರೆಯಾಗಿ ಲೆಕ್ಕವಿಟ್ಟು ತೀರಿಸಬೇಕು. ಹೆಡ್ಡಿನ ಲೆಕ್ಕವನ್ನು ಅದರೊಳಗೆ ಬೆರೆಸಬಾರದು. ಮಾಲೀಕರ ಮುಂದೆ ಮೊದಲ ಮಾತಿಗೇ ಕಾಯ್ದೆಯ ಹೆಸರು ಎತ್ತುವುದು ಬೇಡ. ಆಡಬೇಕಾದ ಮಾತನ್ನು ನಾವಿಬ್ಬರೂ ಕೂತು ಅಭ್ಯಾಸ ಮಾಡಿದೆವು: "ಅಣ್ಣ, ಹೆಡ್ ಹೋದದ್ದಕ್ಕೆ ನನಗೂ ಬೇಸರ ಉಂಟು. ಯಾವ ಲೆಕ್ಕಕ್ಕೆ ಎಷ್ಟು ಹಿಡಿಯುವುದು ಅಂತ ಕಾಗದದಲ್ಲಿ ಬರೆದುಕೊಡಿ. ಆ ದಿನ ಎಂತ ಆಯಿತು ಅಂತ ನಾನೂ ಬರೆದು ತಂದಿದ್ದೇನೆ." ಆರಂಭದಲ್ಲಿ "ಬೇಸರ ಉಂಟು" ಎಂಬಲ್ಲಿಗೆ ಆತನ ದನಿ ನಿಂತುಬಿಡುತ್ತಿತ್ತು. ನಿದ್ದೆಯ ಮಟ್ಟಿಗೆ, ಎಚ್ಚರವಾದಾಗ ಮೊಬೈಲಿನಲ್ಲಿ ಬಾಕಿಯ ಲೆಕ್ಕ ಹಾಕುವ ಅಭ್ಯಾಸ ಬಿಡುವಂತೆಯೂ, ಹದಿನೈದು ದಿನಗಳಲ್ಲಿ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣುವಂತೆಯೂ ಹೇಳಿದೆ. ಕಾಣುವ ಅಗತ್ಯ ಬೀಳಲಿಲ್ಲ.

ಮಾಲೀಕರು ಏನನ್ನೂ ಬರೆದುಕೊಡಲಿಲ್ಲ. ಆತ ಕೊಟ್ಟ ಹಾಳೆಯನ್ನು ಓದಿ, ಹೀಟರಿನ ಸಾಲು ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಂತೆ. ಮರುತಿಂಗಳು ಕಡಿತವಾಗಲಿಲ್ಲ, ಅದರ ಮುಂದಿನ ತಿಂಗಳಿನಿಂದ ಆಸ್ಪತ್ರೆಯ ಸಾಲಕ್ಕೆಂದು 1,500 ಮಾತ್ರ ಹಿಡಿದರು. ಈಗಾಗಲೇ ಮುರಿದುಕೊಂಡ ಹಣವನ್ನು ಕೇಳುವ ಮನಸ್ಸು ಆತನಿಗಿಲ್ಲ. ಕೇಳಬಹುದಿತ್ತು ಎಂಬುದು ನನ್ನ ಅಭಿಪ್ರಾಯ, ಆದರೆ ಆ ಮನೆಯೊಡನೆ ಆ ಊರಿನಲ್ಲಿ ಬಾಳಬೇಕಾದವನು ಆತ. ಕಡಿತ ನಮೂದಾಗಿರುವ ಸಂಬಳದ ಚೀಟಿಗಳನ್ನೂ ಬ್ಯಾಂಕ್ ಪಾಸ್‌ಬುಕ್ಕನ್ನೂ ಮೂರು ವರ್ಷ ಜೋಪಾನವಾಗಿಡುವಂತೆ ತಾಯಿಗೆ ಹೇಳಿ ಪ್ರಕರಣವನ್ನು ಮುಕ್ತಾಯಗೊಳಿಸಿದೆ.