ಡಸ್ಟ್ ಕಲೆಕ್ಟರ್ ತಂದರೆ ಸಾಕಾ?

ಪ್ರಶ್ನೆ: ನಮ್ಮದು ಹತ್ತು ಅಡಿಗೆ ಇಪ್ಪತ್ತು ಅಡಿಯ ಮರಗೆಲಸದ ಶೆಡ್. ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ), ಪ್ಲೇನರ್ (ಹಲಗೆ ಹೆರೆಯುವ ಮೆಷಿನ್), ಕೈ ಸ್ಯಾಂಡರ್ (ಉಜ್ಜಿ ನಯ ಮಾಡುವ ಮೆಷಿನ್) ಇವೆ. ತೇಗ, ಹಲಸು, ಎಂಡಿಎಫ್ (ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ) ಎಲ್ಲ ಕೊಯ್ಯುತ್ತೇವೆ. ವ್ಯಾಕ್ಯೂಮ್ ಕ್ಲೀನರ್ ಹಾಕಿದರೆ ಪ್ಲೇನರ್ ಹೊಟ್ಟಿಗೆ ತಕ್ಷಣ ಕಟ್ಟಿಕೊಳ್ಳುತ್ತದೆ. 2 ಎಚ್‌ಪಿ ಡಸ್ಟ್ ಕಲೆಕ್ಟರ್ (ಹೊಟ್ಟು, ಧೂಳನ್ನು ಎಳೆದು ಚೀಲಕ್ಕೆ ತುಂಬುವ ಯಂತ್ರ) ತಂದು ಮೂರಕ್ಕೂ ಪೈಪ್ ಎಳೆಯಲೇ?
- ಓದುಗರೊಬ್ಬರು, ಸಾಗರ

ಉತ್ತರ: ಕಲೆಕ್ಟರ್ ತನ್ನಿ, ಪೈಪ್ ಸದ್ಯಕ್ಕೆ ಬೇಡ. ಅಷ್ಟು ಜಾಗದಲ್ಲಿ ಒಂದು ಸಲಕ್ಕೆ ಓಡೋದು ಒಂದೇ ಮೆಷಿನ್ ಅಲ್ವಾ? ಕಲೆಕ್ಟರ್‌ಗೆ ಗಾಲಿ ಇರುತ್ತದೆ. ಓಡುವ ಮೆಷಿನ್ ಪಕ್ಕಕ್ಕೆ ತಳ್ಳಿ, ಹೋಸ್ ಸಿಕ್ಕಿಸಿ. ಹೋಸ್ ಆದಷ್ಟು ಗಿಡ್ಡ ಇರಲಿ. ಅದರ ಒಳಗಿನ ಸುರುಳಿಗಳು ಗಾಳಿಯನ್ನು ತಡೆಯುತ್ತವೆ, ಉದ್ದ ಹೆಚ್ಚಿದಷ್ಟೂ ಎಳೆತ ಕಮ್ಮಿ.

ವ್ಯಾಕ್ಯೂಮ್ ಕೆಟ್ಟದ್ದೇನಲ್ಲ. ಅದು ಜೋರಾಗಿ ಎಳೆಯುತ್ತದೆ, ಆದರೆ ಎಳೆಯುವ ಗಾಳಿ ಸ್ವಲ್ಪವೇ. ಅದನ್ನು ಸ್ಯಾಂಡರ್‌ಗೆ ಇಟ್ಟುಕೊಳ್ಳಿ. ಪ್ಲೇನರ್, ಟೇಬಲ್ ಸಾಗೆ ಜಾಸ್ತಿ ಗಾಳಿ ಬೇಕು, ಕಮ್ಮಿಯೆಂದರೂ 4 ಇಂಚಿನ ಹೋಸ್. ಮುಂದೆ ಪೈಪ್ ಹಾಕಲೇಬೇಕೆಂದರೆ ಮೇನ್ ಲೈನ್ 6 ಇಂಚಿನದಿರಲಿ. 4 ಇಂಚಿನದಕ್ಕಿಂತ ಅದರ ಬಾಯಿ ಎರಡೂಕಾಲು ಪಟ್ಟು ದೊಡ್ಡದು. ತಿರುವಿನಲ್ಲಿ ನೇರ ಮೂಲೆಯ ಎಲ್ಬೋ ಬೇಡ, 45 ಡಿಗ್ರಿಯವು ಎರಡು ಹಾಕಿ.

ನಿಜವಾದ ಪ್ರಶ್ನೆ ಚೀಲದ್ದು, ಅದನ್ನು ನೀವು ಕೇಳಲೇ ಇಲ್ಲ! ಅಗ್ಗದ ಕಲೆಕ್ಟರ್‌ಗಳ ಜೊತೆ ಬರುವ ಬಟ್ಟೆ ಚೀಲ ಸುಮಾರು 30 ಮೈಕ್ರಾನಿನದು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು), ಅದಕ್ಕಿಂತ ಸಣ್ಣದು ಹೆಚ್ಚಾಗಿ ತೂರಿ ಹೋಗುತ್ತದೆ. ಹೊಟ್ಟನ್ನು ಹಿಡಿಯುತ್ತದೆ, ಸಣ್ಣ ಧೂಳನ್ನು ವಾಪಸ್ ಶೆಡ್ಡಿಗೇ ಊದುತ್ತದೆ. 10 ಮೈಕ್ರಾನಿಗಿಂತ ಸಣ್ಣ ಧೂಳು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತದೆ, ಶ್ವಾಸಕೋಶಕ್ಕೆ ಇಳಿಯುವುದೂ ಅದೇ. ಒಂದು ಪರೀಕ್ಷೆ ಮಾಡಿ. ಸಂಜೆ ಲೈಟ್ ಆರಿಸಿ, ಕಲೆಕ್ಟರ್ ಹಾಕಿ, ಚೀಲದ ಬದಿಯಿಂದ ಟಾರ್ಚ್ ಬಿಡಿ. ಬೆಳಕಿನಲ್ಲಿ ಹೊಗೆಯಂಥದ್ದು ಏಳುತ್ತಿದ್ದರೆ ಚೀಲ ಸೋರುತ್ತಿದೆ ಎಂದರ್ಥ. ಪೈಪಿಗೆ ಇಟ್ಟ ದುಡ್ಡಲ್ಲಿ 1 ಮೈಕ್ರಾನಿನ ಚೀಲವನ್ನೋ ಚೀಲದ ಬದಲು ಕೂರಿಸುವ ಕಾರ್ಟ್ರಿಜ್ ಫಿಲ್ಟರನ್ನೋ ಕೊಳ್ಳಿ. ಮರದ ಧೂಳು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಪಟ್ಟಿ ಮಾಡಿದೆ, ಹಾಗಾಗಿ ಇದು ದಂಡದ ಖರ್ಚಲ್ಲ. ಅಲ್ಲಿವರೆಗೆ, ಮಳೆಗಾಲ ಬಿಟ್ಟು, ಕಲೆಕ್ಟರನ್ನು ಬಾಗಿಲಾಚೆ ಇಟ್ಟರೂ ನಡೆಯುತ್ತದೆ.

ಕಲೆಕ್ಟರ್ ಇದೆಯೆಂದು ಮಾಸ್ಕ್ ಬಿಡಬೇಡಿ, ಎನ್95 ಇರಲಿ. ಗಡ್ಡ ಇದ್ದರೆ ಅದು ಮುಖಕ್ಕೆ ಸರಿಯಾಗಿ ಕೂರುವುದಿಲ್ಲ. ಚೀಲ ಖಾಲಿ ಮಾಡುವಾಗಲಂತೂ ಹಾಕಲೇಬೇಕು.

ಇನ್ನು ಎಂಡಿಎಫ್ ಹೊಟ್ಟು. ಅದರಲ್ಲಿ ಫಾರ್ಮಾಲ್ಡಿಹೈಡ್ ಅಂಟು ಇರುತ್ತದೆ. ಮರದ ಹೊಟ್ಟಿನ ಜೊತೆ ಬೆರೆಸಿ ಪಕ್ಕದ ಮನೆಯ ಹೊಟ್ಟಿನ ಒಲೆಗೋ ಕೊಟ್ಟಿಗೆಗೋ ಕೊಡಬೇಡಿ.