ಪುಟ್ಟಣ್ಣ ಕಣಗಾಲರ ಚಿತ್ರಗಳನ್ನು ಬಿಟ್ಟರೆ ನಟಿ ಆರತಿಯವರ ಸಾಧನೆ ಏನು?

ನಿರ್ದೇಶಕ ಪುಟ್ಟಣ್ಣ ಕಣಗಾಲರಿಲ್ಲದಿದ್ದರೆ ಆರತಿ ಎಂಬ ನಟಿ ಇರುತ್ತಿದ್ದರೇ ಎಂದು ಕೇಳಿದ್ದೀರಿ. ಅವರ ಕೆಲಸವನ್ನು ಅರಿಯಲು ಯಾವ ಚಿತ್ರಗಳನ್ನು ನೋಡಬೇಕೆಂದೂ ಕೇಳಿದ್ದೀರಿ. ಮೊದಲ ಪ್ರಶ್ನೆ ಬಹುಕಾಲದಿಂದ ಕೇಳಿಬರುತ್ತಿರುವಂಥದ್ದು. ಅದರಲ್ಲಿ ಅರ್ಧ ಸತ್ಯವಿದೆ ಎಂಬುದು ನನ್ನ ಅಭಿಪ್ರಾಯ.

ಆರತಿಯವರು ತೆರೆಗೆ ಬಂದದ್ದು 1969ರ ‘ಗೆಜ್ಜೆಪೂಜೆ’ಯ ಪೋಷಕ ಪಾತ್ರದ ಮೂಲಕ. ಆ ಚಿತ್ರ ಸಂಪೂರ್ಣವಾಗಿ ಕಲ್ಪನಾ ಅವರದು, ಪುಟ್ಟಣ್ಣನವರ ನಾಯಕಿಯೆಂದರೆ ಆಗ ಕಲ್ಪನಾ ಅವರೇ. 1972ರ ‘ನಾಗರಹಾವು’ ಬಂದಾಗ ಪರಿಸ್ಥಿತಿ ಬದಲಾಯಿತು. ಅದರಲ್ಲಿ ಅವರು ಮಾಡಿದ ಅಲಮೇಲುವಿನ ಪಾತ್ರವನ್ನು ಜನ ‘ಬಾರೆ ಬಾರೆ’ ಹಾಡಿನಿಂದ ನೆನಪಿಟ್ಟುಕೊಂಡಿದ್ದಾರೆ. ಚಿತ್ರದುರ್ಗದ ಕೋಟೆಯಲ್ಲಿ ನಿಧಾನಗತಿಯಲ್ಲಿ ತೇಲುವ ಆ ದೃಶ್ಯದಲ್ಲಿ ನಟಿಗೆ ಚೆಲುವಾಗಿ ಕಾಣುವುದರ ಹೊರತು ಹೆಚ್ಚಿನ ಕೆಲಸವೇನೂ ಇಲ್ಲ. ನಿಜವಾದ ಕೆಲಸ ಇರುವುದು ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು ನಾಯಕ ರಾಮಾಚಾರಿ ಅವಳನ್ನು ಬಿಟ್ಟುಕೊಟ್ಟ ಮೇಲೆ, ಮದುವೆಯಾದ ಗಂಡನಿಂದಲೇ ಬೀದಿಗೆ ಬಿದ್ದ ಅಲಮೇಲು ಮತ್ತೆ ಅವನಿಗೆ ಎದುರಾಗುವಲ್ಲಿ. ರಾಮಾಚಾರಿ ಸಿಡಿದೇಳುತ್ತಾನೆ, ಅವಳು ಸಿಡಿಯುವುದಿಲ್ಲ. ಎದುರಿಗಿರುವವರು ಅಬ್ಬರಿಸುವಾಗ ತಾನು ದನಿ ತಗ್ಗಿಸುವ ಈ ಕ್ರಮ ಮುಂದಿನ ಹತ್ತು ವರ್ಷ ಅವರ ಅಭಿನಯದ ಗುರುತಾಗಿ ಉಳಿಯಿತು.

‘ಎಡಕಲ್ಲು ಗುಡ್ಡದ ಮೇಲೆ’ (1973) ಚಿತ್ರದಲ್ಲಿ ಅವರದು ಎರಡನೆಯ ಸ್ಥಾನ, ಅಲ್ಲಿ ಎಲ್ಲರ ಕಣ್ಣು ಜಯಂತಿಯವರ ಮೇಲೆ. ಮರುವರ್ಷದ ‘ಉಪಾಸನೆ’ ಮಾತ್ರ ಸಂಪೂರ್ಣವಾಗಿ ಆರತಿಯವರ ಹೆಗಲ ಮೇಲೆ ನಿಂತ ಚಿತ್ರ. ವೀಣೆಯನ್ನೇ ಬದುಕಾಗಿ ಸ್ವೀಕರಿಸಿದ ಶಾರದೆಯ ಪಾತ್ರದಲ್ಲಿ ಹೊರಗೆ ನಡೆಯುವ ಘಟನೆಗಳಿಗಿಂತ ಒಳಗಿನ ತಲ್ಲೀನತೆ ಮುಖ್ಯ, ಮತ್ತು ತಲ್ಲೀನತೆಯನ್ನು ಕ್ಯಾಮೆರಾದ ಮುಂದೆ ನಟಿಸಿ ತೋರಿಸುವುದು ಅಳುವುದಕ್ಕಿಂತ ಎಷ್ಟೋ ಕಷ್ಟ. ‘ಶುಭಮಂಗಳ’ದ (1975) ಸ್ವಾಭಿಮಾನಿ ಹೇಮಾ ಇದಕ್ಕೆ ತೀರಾ ವಿರುದ್ಧವಾದ ಹೆಣ್ಣು. ಶ್ರೀನಾಥರೊಂದಿಗಿನ ಅವರ ಜೋಡಿ ಇಂದಿಗೂ ಹಳತೆನ್ನಿಸುವುದಿಲ್ಲ, ಆದರೆ ಚಿತ್ರದ ಕೆಲವು ಸಂಭಾಷಣೆಗಳು ಹಳತಾಗಿವೆ.

ನನ್ನ ಮಟ್ಟಿಗೆ ಅವರ ಅತ್ಯಂತ ಧೈರ್ಯದ ಕೆಲಸ 1976ರ ‘ಕಥಾಸಂಗಮ’ದ್ದು. ಮೂರು ಸಣ್ಣಕಥೆಗಳನ್ನು ಸೇರಿಸಿ ಮಾಡಿದ ಈ ಕಪ್ಪು ಬಿಳುಪು ಚಿತ್ರದ ಕೊನೆಯ ಕಥೆ ‘ಮುನಿತಾಯಿ’; ರಜನಿಕಾಂತ್ ಕನ್ನಡದಲ್ಲಿ ಮೊದಲು ಕಾಣಿಸಿಕೊಂಡದ್ದು ಇದರಲ್ಲಿ ಎಂಬ ಕಾರಣಕ್ಕೆ ಇದನ್ನು ಈಗ ಹುಡುಕಿ ನೋಡುವವರಿದ್ದಾರೆ. ಆದರೆ ಅಲ್ಲಿ ಗಮನಿಸಬೇಕಾದದ್ದು ಬೇರೆ. ವಿಶಾಲವಾದ ಕಣ್ಣುಗಳಿಗೇ ಹೆಸರಾದ ನಟಿಯೊಬ್ಬರು ದೃಷ್ಟಿಯಿಲ್ಲದ ಹೆಣ್ಣಿನ ಪಾತ್ರ ಒಪ್ಪಿಕೊಂಡು, ತನ್ನ ದೊಡ್ಡ ಬಲವನ್ನೇ ಬದಿಗಿಟ್ಟು, ಕತ್ತಿನ ವಾಲು, ತಡವರಿಸುವ ಬೆರಳು, ಸದ್ದಿಗೆ ಕಿವಿಗೊಡುವ ರೀತಿ ಇಷ್ಟರಲ್ಲೇ ಭಯವನ್ನು ದಾಟಿಸುತ್ತಾರೆ.

ಇವೆಲ್ಲವೂ ಪುಟ್ಟಣ್ಣನವರ ಚಿತ್ರಗಳೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ಆದ್ದರಿಂದಲೇ ಗೀತಪ್ರಿಯರು ನಿರ್ದೇಶಿಸಿದ ‘ಹೊಂಬಿಸಿಲು’ (1978) ಮುಖ್ಯವಾಗುತ್ತದೆ. ವಿಷ್ಣುವರ್ಧನರ ಡಾ. ನಟರಾಜನಿಗೆ ಸರಿಸಮನಾಗಿ ನಿಲ್ಲುವ ವಂದನಾ, ಓದಿನಲ್ಲಿಯೂ ಹಟದಲ್ಲಿಯೂ ಅವನಿಗೆ ಕಡಿಮೆಯಿಲ್ಲದ ವೈದ್ಯೆ. ಇಲ್ಲಿ ಪುಟ್ಟಣ್ಣನವರ ನೆರಳಿಲ್ಲ, ಆರತಿಯವರ ಸಂಯಮ ಮಾತ್ರ ಹಾಗೆಯೇ ಇದೆ. ರಾಜ್‌ಕುಮಾರ್ ಅವರೊಂದಿಗಿನ ‘ಪ್ರೇಮದ ಕಾಣಿಕೆ’ಯಲ್ಲಿ (1976) ಒಂದು ಕೊಲೆಯನ್ನು ಕಂಡ ಹೆಣ್ಣು, ಆ ಕೊಲೆಗಾರನ ಮನೆಗೇ ಮಗುವಿಗೆ ಪಾಠ ಹೇಳಲು ಬರುತ್ತಾಳೆ, ಸಸ್ಪೆನ್ಸ್ ನಿಂತಿರುವುದೇ ಅವಳ ಮುಖದಲ್ಲಿ. ‘ರಾಜ ನನ್ನ ರಾಜ’, ‘ಬಹದ್ದೂರ್ ಗಂಡು’ ಮೊದಲಾದವು ಜನಪ್ರಿಯ ಚಿತ್ರಗಳು, ಅವುಗಳಿಂದ ಅವರ ಜನಪ್ರಿಯತೆಯ ಅಳತೆ ಸಿಗುತ್ತದೆಯೇ ಹೊರತು ಪ್ರತಿಭೆಯ ಅಳತೆಯಲ್ಲ.

‘ಪಡುವಾರಹಳ್ಳಿ ಪಾಂಡವರು’, ‘ಧರ್ಮಸೆರೆ’ಗಳ ನಂತರ 1981ರಲ್ಲಿ ‘ರಂಗನಾಯಕಿ’ ಬಂದಿತು. ಮದುವೆಗಾಗಿ ನಾಟಕ ಕಂಪನಿಯನ್ನು ತೊರೆದ ನಟಿ, ಒಮ್ಮೆ ಮತ್ತೆ ಬಣ್ಣ ಹಚ್ಚಿದ ತಪ್ಪಿಗೆ ಗಂಡನನ್ನೂ ಮಗುವನ್ನೂ ಕಳೆದುಕೊಂಡು, ವರ್ಷಗಳ ಬಳಿಕ ತನ್ನ ಮಗನೇ ತನ್ನನ್ನು ಪ್ರೇಮಿಸತೊಡಗಿದ್ದಾನೆಂದು ಅರಿಯುವ ಕಥೆಯಿದು. ಸ್ವಲ್ಪ ಅತ್ತಿತ್ತಾದರೂ ಅಸಹ್ಯವಾಗಬಹುದಾಗಿದ್ದ ಈ ವಸ್ತು ಹದ ತಪ್ಪದಿರಲು ನಿರ್ದೇಶಕರಷ್ಟೇ ನಟಿಯೂ ಕಾರಣ. ರಂಗದ ಮೇಲಿನ ರಂಗನಾಯಕಿಯ ಮಾತಿನ ಏರಿಳಿತ ಬೇರೆ, ಮನೆಯೊಳಗಿನದು ಬೇರೆ, ತಾರೆಯಾದ ಮೇಲಿನದು ಬೇರೆ. ಪುಟ್ಟಣ್ಣನವರು ಆ ಬಳಿಕ ‘ಮಾನಸ ಸರೋವರ’ದಿಂದ ‘ಮಸಣದ ಹೂವು’ವರೆಗೆ ಮಾಡಿದ ಚಿತ್ರಗಳಲ್ಲಿ ಆರತಿಯವರು ನಾಯಕಿಯಾಗಿಲ್ಲ. ಇಬ್ಬರ ಖಾಸಗಿ ಬದುಕಿನ ಬಗ್ಗೆ ಬರೆದವರು ಬಹಳ ಮಂದಿ, ನಾನು ಆ ಗುಂಪಿಗೆ ಸೇರಲಾರೆ.

ಎಂಬತ್ತರ ದಶಕದಲ್ಲಿ ಅವರು ನಟನೆಯಿಂದ ದೂರ ಸರಿದರು. ಪೋಷಕ ಪಾತ್ರಗಳಲ್ಲಿ ತಾಯಿಯಾಗಿ, ಅತ್ತೆಯಾಗಿ ಮರಳಿ ಬರುವ ರೂಢಿಯ ದಾರಿಯನ್ನು ಹಿಡಿಯಲಿಲ್ಲ. ಕಿರುತೆರೆಗೆ ಅವರು ಬಂದದ್ದು ನಿರ್ದೇಶಕಿಯಾಗಿ, ‘ನಮ್ಮ ನಮ್ಮಲ್ಲಿ’ ಧಾರಾವಾಹಿಯ ಮೂಲಕ. ಆಮೇಲೆ ‘ಮಿಠಾಯಿ ಮನೆ’ ಎಂಬ ಮಕ್ಕಳ ಚಿತ್ರವನ್ನೂ ನಿರ್ದೇಶಿಸಿದರು. ನಿರ್ದೇಶಕರೊಬ್ಬರು ರೂಪಿಸಿದ ಗೊಂಬೆ ಮಾತ್ರ ಎಂದು ಇವರನ್ನು ಕರೆಯುವವರು ಈ ಎರಡು ಕೆಲಸಗಳ ಮಾತನ್ನೇ ಎತ್ತುವುದಿಲ್ಲ.

ಎಲ್ಲಿಂದ ಶುರು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಸುಲಭ. ‘ನಾಗರಹಾವು’ ನೀವು ನೋಡಿಯೇ ಇರುತ್ತೀರಿ. ಮೊದಲು ‘ಹೊಂಬಿಸಿಲು’, ಅನಂತರ ‘ಉಪಾಸನೆ’ ಮತ್ತು ‘ಕಥಾಸಂಗಮ’, ಕಡೆಗೆ ‘ರಂಗನಾಯಕಿ’ ನೋಡಿ. ಈ ಕ್ರಮವನ್ನು ಬೇಕೆಂದೇ ಸೂಚಿಸುತ್ತಿದ್ದೇನೆ, ಏಕೆಂದರೆ ಗೀತಪ್ರಿಯರ ಚಿತ್ರವನ್ನು ಮೊದಲು ಕಂಡವರಿಗೆ ಪುಟ್ಟಣ್ಣನವರ ಚಿತ್ರಗಳಲ್ಲಿ ನಟಿಯ ಪಾಲು ಎಷ್ಟು, ನಿರ್ದೇಶಕರ ಪಾಲು ಎಷ್ಟು ಎಂಬುದನ್ನು ಬಿಡಿಸಿ ನೋಡಲು ಸಾಧ್ಯವಾಗುತ್ತದೆ.