‘ಕೋಡಗನ ಕೋಳಿ ನುಂಗಿತ್ತಾ’ ಹಾಡಿಗೆ ಅರ್ಥ ಇದೆಯಾ, ಸುಮ್ನೆ ಪ್ರಾಸಕ್ಕೆ ಬರೆದದ್ದಾ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇದೆ. ಶಿಶುನಾಳ ಶರೀಫರ ಈ ಹಾಡಿಗೆ ನಿಜವಾಗಿ ಅರ್ಥ ಇದೆಯಾ, ಇಲ್ಲ ಪ್ರಾಸ ಕೂಡಿಸಿಕೊಂಡು ಹೋಗಿದ್ದಾರಾ ಅನ್ನುವುದು ಒಂದು. ಶಾಲೆಯ ಕಾರ್ಯಕ್ರಮಕ್ಕೆ ಇದನ್ನು ಕಲಿಯುತ್ತಿರುವ ನಿಮ್ಮ ಮಗಳು "ಕೋಳಿ ಮಂಗನನ್ನ ಹೆಂಗೆ ನುಂಗುತ್ತೆ?" ಅಂತ ಕೇಳಿದ್ದಕ್ಕೆ ಏನು ಹೇಳಲಿ ಅನ್ನುವುದು ಇನ್ನೊಂದು. ಅರ್ಥ ಖಂಡಿತ ಇದೆ. ಮಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಂಟರ್‌ನೆಟ್ಟಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ ಅಂದಿದ್ದೀರಿ. ಸಾಮಾನ್ಯವಾಗಿ ಸಿಗುವುದು ಒಂದು ಪಟ್ಟಿ. ಕೋಡಗ, ಅಂದರೆ ಮಂಗ, ಅದು ಮನಸ್ಸು; ಕೋಳಿ ಅಂದರೆ ಅರಿವು, ಆನೆ ಅಂದರೆ ಅಹಂಕಾರ, ಆಡು ಅಂದರೆ ವಿನಯ, ಹೀಗೇ ಸಾಗುತ್ತದೆ. ಇದು ತಪ್ಪೇನಲ್ಲ. ಮನಸ್ಸನ್ನು ಮಂಗ ಅನ್ನುವುದು ನಮ್ಮಲ್ಲಿ ಹಳೆಯ ಮಾತು. ಬೆಳಗಾಯಿತು ಏಳಿ ಅಂತ ಕೂಗುವುದು ಕೋಳಿ. ಎಚ್ಚರ ಬಂತು, ಮನಸ್ಸಿನ ಕುಣಿದಾಟ ನಿಂತಿತು ಅಂತ ಓದಿಕೊಂಡರೆ ಪಲ್ಲವಿ ಚೆನ್ನಾಗಿಯೇ ಕೂರುತ್ತದೆ. ತೊಂದರೆ ಶುರುವಾಗುವುದು ಮುಂದೆ. ಸುಣ್ಣ, ಗೂಟ, ಹಗ್ಗ, ಲಾಳಿ ಹೀಗೆ ಒಂದೊಂದಕ್ಕೂ ಒಂದು ವೇದಾಂತದ ಪದ ಹುಡುಕಬೇಕು. ಎರಡನೇ ನುಡಿಗೆ ಬರುವಷ್ಟರಲ್ಲಿ ಅರ್ಥ ಹೇಳುವವರಿಗೇ ಸುಸ್ತಾಗಿರುತ್ತದೆ. ಒಬ್ಬರ ಒನಕೆ ಉಸಿರು, ಇನ್ನೊಬ್ಬರ ಒನಕೆ ಕುಂಡಲಿನಿ. ಹೌದು ಅನ್ನಲೂ ಬರುವುದಿಲ್ಲ, ಅಲ್ಲ ಅನ್ನಲೂ ಬರುವುದಿಲ್ಲ.

ನಾನು ಓದುವ ರೀತಿ ಬೇರೆ. ಪ್ರಾಣಿ, ವಸ್ತುಗಳನ್ನು ಸ್ವಲ್ಪ ಹೊತ್ತು ಬದಿಗಿಡಿ. ಪ್ರತಿ ನುಡಿಯ ಕೊನೆಯಲ್ಲಿ ಯಾರು ಮಾಯವಾಗುತ್ತಾರೆ ಅಂತ ಮಾತ್ರ ನೋಡಿ.

ಮೊದಲ ನುಡಿ ಹೀಗಿದೆ:

ಆಡು ಆನೆಯ ನುಂಗಿ, ಗೋಡೆ ಸುಣ್ಣವ ನುಂಗಿ,
ಆಡಲು ಬಂದ ಪಾತರದವಳ ಮದ್ದಳೆ ನುಂಗಿತ್ತಾ

ಕುಣಿಯಲು ಬಂದವಳನ್ನು ಮದ್ದಳೆ ನುಂಗಿತು. ಮಗ್ಗದ ನುಡಿ ನೋಡಿ:

ಹಗ್ಗ ಮಗ್ಗವ ನುಂಗಿ, ಮಗ್ಗವ ಲಾಳಿ ನುಂಗಿ,
ಮಗ್ಗದಲಿರುವ ಅಣ್ಣನನ್ನ ಕುಣಿಯು ನುಂಗಿತ್ತಾ

ನೇಯುವವನನ್ನು ಮಗ್ಗದ ಕುಣಿ, ಅಂದರೆ ಕಾಲಿಡುವ ಗುಂಡಿ, ನುಂಗಿತು. ಎತ್ತಿನ ನುಡಿಯಲ್ಲಿ ಹೊಲದ ಅಣ್ಣನನ್ನು ಮೇಳಿ ನುಂಗುತ್ತದೆ. ಮೇಳಿ ಅಂದರೆ ನೇಗಿಲಿನ ಹಿಡಿ. ಕಟ್ಟಕಡೆಗೆ "ಗೋವಿಂದ ಗುರುವಿನ ಪಾದ ನನ್ನನೆ ನುಂಗಿತ್ತಾ" ಅನ್ನುತ್ತಾರೆ.

ಕುಣಿಯುವವಳು, ನೇಯುವವನು, ಉಳುವವನು, ಆಮೇಲೆ ಹಾಡುತ್ತಿರುವ ಶರೀಫರೇ. ಒಬ್ಬೊಬ್ಬರನ್ನೂ ನುಂಗಿದ್ದು ಹೊರಗಿನಿಂದ ಬಂದ ಹುಲಿಯಲ್ಲ, ರಾಕ್ಷಸನಲ್ಲ. ಅವರವರ ಕಸುಬಿನ ಸಾಮಾನೇ ಅವರನ್ನು ನುಂಗಿದೆ. ಕಾಲಿಗೆ ತಾಳ ಕೊಡುವ ಮದ್ದಳೆ, ಕೂತು ನೇಯುವ ಕುಣಿ, ಕೈಯಲ್ಲಿ ಹಿಡಿದ ಮೇಳಿ. ಶಿಷ್ಯನ ಕಸುಬು ಗುರುವಿನ ಪಾದ ಹಿಡಿಯುವುದು ತಾನೆ? ಹಿಡಿದದ್ದೇ ಹಿಡಿದವನನ್ನು ಒಳಗೆ ಹಾಕಿಕೊಂಡಿತು.

ಕುಣಿ ಮಗ್ಗ ಕಂಡವರಿಗೆ ಆ ಸಾಲು ಒಗಟು ಅನಿಸುವುದೇ ಇಲ್ಲ. ನಾನು ಗುಳೇದಗುಡ್ಡದಲ್ಲಿ ಖಣ ನೇಯುವ ಒಂದು ಮನೆಯಲ್ಲಿ ನೋಡಿದ್ದೇನೆ. ನೆಲದಲ್ಲೇ ಕುಣಿ ತೋಡಿರುತ್ತಾರೆ. ನೇಯುವವರು ಅದರ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಡುತ್ತಾರೆ. ಕೆಳಗಿನ ಕತ್ತಲಲ್ಲಿ ಕಾಲು ಹಲಗೆ ತುಳಿಯುತ್ತಿರುತ್ತದೆ. ಮೇಲೆ ಲಾಳಿ ಆ ಕಡೆ ಈ ಕಡೆ ಓಡುತ್ತಿರುತ್ತದೆ. ಬಾಗಿಲಲ್ಲಿ ನಿಂತು ನೋಡಿದರೆ ಅರ್ಧ ಮನುಷ್ಯ ಮಾತ್ರ ಕಾಣುತ್ತಾನೆ, ಇನ್ನರ್ಧ ಕುಣಿಯೊಳಗೆ. ಆ ಅಜ್ಜನನ್ನು ಮಾತಾಡಿಸಿದೆ. ತಲೆ ಎತ್ತಲಿಲ್ಲ. ಕಿವುಡು ಅಂದುಕೊಂಡೆ, ಆದರೆ ಲಾಳಿ ನಿಂತ ಕೂಡಲೇ ತಿರುಗಿ "ಏನ್ರೀ, ಏನೋ ಕೇಳಿದ್ರಲ್ಲ?" ಅಂದರು. ಶರೀಫರು ಇದನ್ನೆಲ್ಲ ದಿನಾ ನೋಡಿದವರು. ಕೆಲಕಾಲ ಶಾಲಾ ಮಾಸ್ತರಿಕೆ ಮಾಡಿದ್ದರು, ಉಳಿದದ್ದೆಲ್ಲ ಹಳ್ಳಿಯ ಬದುಕು.

ಹೀಗೆ ನೋಡಲು ಶುರು ಮಾಡಿದರೆ ಇನ್ನೊಂದು ತಮಾಷೆ ಗೊತ್ತಾಗುತ್ತದೆ. ಹಾಡಿನಲ್ಲಿ ಅಸಾಧ್ಯ ಅನಿಸುವ ಸುಮಾರು ಮಾತು ಅಸಾಧ್ಯವೇ ಅಲ್ಲ. ಮಣ್ಣಿನ ಗೋಡೆಗೆ ಸುಣ್ಣ ಬಳಿದವರನ್ನು ಕೇಳಿ, ಗೋಡೆ ಸುಣ್ಣ ಕುಡಿಯುತ್ತದೆ ಅಂತ ಅವರೇ ಹೇಳುತ್ತಾರೆ. "ಒಳ್ಳು ಒನಕೆಯ ನುಂಗಿ" ಅಂದರೆ ಏನು? ಒಳ್ಳಿನೊಳಗೆ ಒನಕೆ ಬೀಳುವುದು, ಏಳುವುದು ದಿನದ ಕೆಲಸ. ಬೀಸುಕಲ್ಲಿಗೆ ತೂತು ಕೊರೆದು ಗೂಟ ಬಡಿದಿರುತ್ತಾರೆ. ಅದರ ಬುಡ ಕಲ್ಲಿನ ಹೊಟ್ಟೆಯಲ್ಲೇ ಇರುತ್ತದೆ. ಗುಡ್ಡದ ಒಳಗೆ ಗವಿ, ಗವಿಯ ಒಳಗೆ ಇರುವೆ. ಅಂದರೆ ಶರೀಫರು ಎರಡು ಬಗೆಯ ನುಂಗುವಿಕೆಯನ್ನು ಬೇಕಂತಲೇ ಕಲಸಿದ್ದಾರೆ. ಒಂದು ಆಡು ಆನೆಯನ್ನು ನುಂಗುವಂಥ ತಲೆಕೆಳಗಾದದ್ದು. ಇನ್ನೊಂದು ನಮ್ಮ ಕಣ್ಣ ಮುಂದೆಯೇ ಇದ್ದು ನಾವು ಗಮನಿಸದೇ ಇದ್ದದ್ದು. ಕೇಳುತ್ತಾ ಕೇಳುತ್ತಾ ಯಾವುದು ಸುಳ್ಳು, ಯಾವುದು ನಿಜ ಅನ್ನುವ ಲೆಕ್ಕ ತಪ್ಪುತ್ತದೆ. ಆ ಲೆಕ್ಕ ತಪ್ಪಿದ ಹೊತ್ತಿಗೆ ಸರಿಯಾಗಿ ಕೊನೆಯ ಸಾಲು ಬರುತ್ತದೆ.

ಒಂದು ಸಾಲು ಮಾತ್ರ ನನ್ನ ಓದಿಗೆ ಬಗ್ಗುವುದಿಲ್ಲ. "ಕುಟ್ಟಲು ಬಂದ ಮುದುಕಿಯನ್ನ ನೊಣವು ನುಂಗಿತ್ತಾ." ಮುದುಕಿಯನ್ನು ಒಳ್ಳೋ ಒನಕೆಯೋ ನುಂಗಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನೊಣ ಯಾಕೆ ಬಂತು? ನೊಣಕ್ಕೆ ಕಾಲ ಅಂತಲೋ ಆಸೆ ಅಂತಲೋ ಹೆಸರಿಟ್ಟು ಗಂಟು ಹಾಕಬಹುದು. ನಾನು ಹಾಕಲ್ಲ. ಅಲ್ಲಿ ನಗು ಬರುತ್ತದೆ, ಬರಲಿ. ಭಜನೆಯಲ್ಲಿ ಆ ಸಾಲಿಗೆ ಹೆಂಗಸರು ನಗುವುದನ್ನು ಕೇಳಿದ್ದೇನೆ. ಅದೂ ಹಾಡಿಗೆ ಸೇರಿದ್ದೇ.

ಇನ್ನು ಇಂಥ ಹಾಡನ್ನು ಕಟ್ಟಿದ್ದು ಯಾಕೆ ಅನ್ನುವ ಮಾತು. ಇದು ಶರೀಫರು ಒಬ್ಬರೇ ಹುಟ್ಟಿಸಿದ್ದಲ್ಲ. 12ನೇ ಶತಮಾನದ ಅಲ್ಲಮಪ್ರಭುವಿನ ಬೆಡಗಿನ ವಚನಗಳು, ಅಂದರೆ ಒಗಟಿನಂಥ ವಚನಗಳು, ಇದೇ ಜಾತಿಯವು. "ಊರ ಮಧ್ಯದ ಕಣ್ಣ ಕಾಡಿನೊಳಗೆ ಬಿದ್ದೈದಾವೆ ಐದು ಹೆಣನು" ಅಂತ ಒಂದು ವಚನ ಶುರುವಾಗುತ್ತದೆ. ಐದು ಹೆಣ ಅಂದರೆ ಐದು ಇಂದ್ರಿಯ ಅಂತ ಹಿಡಿದರೆ ಮುಂದಿನ ದಾರಿ ಕಾಣುತ್ತದೆ. ಉತ್ತರದಲ್ಲಿ ಕಬೀರರ ಹೆಸರಲ್ಲೂ ಇಂಥ ತಲೆಕೆಳಗಿನ ಪದಗಳಿವೆ, ಅವನ್ನು ಉಲಟಬಾಂಸಿ ಅನ್ನುತ್ತಾರೆ. ಬೆಡಗಿನ ವಚನಗಳಿಗೆ ಟೀಕು, ಅಂದರೆ ಅರ್ಥ ವಿವರಣೆ, ಬರೆಯುವ ಅಭ್ಯಾಸ ಶರೀಫರಿಗಿಂತ ಎಷ್ಟೋ ಹಿಂದೆಯೇ ಇತ್ತು. ಹಾಗಾಗಿ ಇವತ್ತಿನ ಪಟ್ಟಿ ಮಾಡುವವರನ್ನು ನಾನು ಪೂರ್ತಿ ದೂರುವುದಿಲ್ಲ. ಅವರದ್ದೂ ಹಳೆಯ ಕೆಲಸವೇ. ಆದರೆ ಬೆಡಗಿನಲ್ಲಿ ಒಂದು ಬೀಗದ ಕೈ ಇರುತ್ತದೆ, ಪದಕ್ಕೊಂದರಂತೆ ಹತ್ತಿಪ್ಪತ್ತು ಇರುವುದಿಲ್ಲ.

ಶರೀಫರು ಆ ಬೀಗದ ಕೈಯನ್ನು ಎಲ್ಲಿಡುತ್ತಾರೆ ಅನ್ನುವುದನ್ನು ನೋಡುವುದೇ ಒಂದು ಮಜಾ. "ಸೋರುತಿಹುದು ಮನೆಯ ಮಾಳಿಗಿ, ಅಜ್ಞಾನದಿಂದ" ಅನ್ನುವ ಹಾಡು ನಿಮಗೆ ಗೊತ್ತಿರುತ್ತದೆ. ಧಾರವಾಡ, ಹಾವೇರಿ ಕಡೆ ಮೇಲ್ಮುದ್ದೆಯ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ಬಿಗಿ ಮಾಡದಿದ್ದರೆ ಸೋರುವುದು ಗ್ಯಾರಂಟಿ. ಅದನ್ನು ಎಲ್ಲರೂ ಕಂಡವರೇ. ಅಲ್ಲಿ ಶರೀಫರು "ಅಜ್ಞಾನದಿಂದ" ಅಂತ ಪಲ್ಲವಿಯಲ್ಲೇ ಹೇಳಿ ಮುಗಿಸುತ್ತಾರೆ. ಕೇಳುವವರು ಮೊದಲೇ ತಿಳಿದುಕೊಂಡು ಮುಂದೆ ಹೋಗುತ್ತಾರೆ. ಕೋಡಗನ ಹಾಡಿನಲ್ಲಿ ಅದನ್ನು ಕಟ್ಟಕಡೆಯ ಸಾಲಿನವರೆಗೂ ಬಚ್ಚಿಟ್ಟಿದ್ದಾರೆ. ಅಲ್ಲಿಯವರೆಗೂ "ನೋಡವ್ವ ತಂಗಿ, ನೋಡವ್ವ ತಂಗಿ" ಅಂತ ಬೇರೆಯವರ ಮನೆ, ಹೊಲ, ಮಗ್ಗ ತೋರಿಸುತ್ತಾ ಹೋಗುತ್ತಾರೆ. ಕೊನೆಗೆ ತೋರಿಸುವವರೇ ಇಲ್ಲ! ಕೆಲವರು ಹಾಡುವ ಪಾಠದಲ್ಲಿ ಆ ಜಾಗದಲ್ಲಿ "ನನ್ನನೆ" ಬದಲು "ಆತ್ಮ" ಅನ್ನುವ ಪದ ಬರುತ್ತದೆ. ಬಾಯಿಂದ ಬಾಯಿಗೆ ಬಂದ ಪದಗಳಲ್ಲಿ ಇದು ಸಹಜ. ನನಗೆ "ನನ್ನನೆ" ಅನ್ನುವುದೇ ಇಷ್ಟ. "ಆತ್ಮ" ಅಂದ ಕೂಡಲೇ ಪ್ರವಚನದ ವಾಸನೆ ಬರುತ್ತದೆ.

ಆ ಕೊನೆಯ ಸಾಲಿನ ತೂಕ ಗೊತ್ತಾಗಬೇಕಾದರೆ ಅವರ ಬದುಕು ಸ್ವಲ್ಪ ಗೊತ್ತಿರಬೇಕು. ಶರೀಫರು 1819ರಲ್ಲಿ ಹುಟ್ಟಿದವರು, 1889ರಲ್ಲಿ ತೀರಿಕೊಂಡರು. ಊರು ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ. ಹುಟ್ಟಿನಿಂದ ಮುಸ್ಲಿಮರು. ಗುರು ಗೋವಿಂದಭಟ್ಟರು ಕಳಸದ ಬ್ರಾಹ್ಮಣರು. ಆ ಕಾಲದ ಹಳ್ಳಿಯಲ್ಲಿ ಈ ಜೋಡಿಯನ್ನು ಎರಡೂ ಕಡೆಯವರು ಹೇಗೆ ನೋಡಿರಬಹುದು ಅಂತ ನೀವೇ ಊಹಿಸಿ. "ಹಾಕಿದ ಜನಿವಾರವ ಸದ್ಗುರುನಾಥ" ಅಂತ ಶರೀಫರದ್ದೇ ಇನ್ನೊಂದು ಪದ ಇದೆ. ಅಂಥವರು "ಗುರುವಿನ ಪಾದ ನನ್ನನ್ನೇ ನುಂಗಿತು" ಅಂದಾಗ ಅದು ಬರೀ ವಿನಯದ ಮಾತಲ್ಲ. ನಾನು ಯಾರು, ಯಾವ ಜಾತಿ, ಯಾವ ಮತ ಅಂತ ನೀವು ಹಿಡಿಯಲು ಬಂದಿದ್ದೀರಲ್ಲ, ಹಿಡಿಯಲು ಆ ಮನುಷ್ಯನೇ ಉಳಿದಿಲ್ಲ ಅನ್ನುವ ಧಾಟಿ ನನಗೆ ಅದರಲ್ಲಿ ಕೇಳಿಸುತ್ತದೆ.

ಇದೆಲ್ಲ ಕೇಳಿಸದೇ ಹೋಗುವುದಕ್ಕೆ ರಾಗದ ಪಾಲೂ ಇದೆ. ಸಿ. ಅಶ್ವಥ್ ಅವರು ಹಾಡಿ ಈ ಪದವನ್ನು ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ಟಿ.ಎಸ್. ನಾಗಾಭರಣ ಶರೀಫರ ಮೇಲೆ ಮಾಡಿದ ಸಿನಿಮಾಕ್ಕೂ ಸಂಗೀತ ಅವರದ್ದೇ. ಆಮೇಲೆ ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿದರು. ಎಲ್ಲ ಚೆನ್ನಾಗಿವೆ, ಆದರೆ ಓಟ ಜಾಸ್ತಿ. ಕೈ ಚಪ್ಪಾಳೆ ತಟ್ಟುತ್ತಿರುವಾಗ ಕೊನೆಯ ನುಡಿ ಬಂದು ಹೋದದ್ದೇ ಗೊತ್ತಾಗುವುದಿಲ್ಲ. ಹಳ್ಳಿಯ ಭಜನೆಯಲ್ಲಿ ನಿಧಾನಕ್ಕೆ, ಒಂದೊಂದು ಸಾಲನ್ನೂ ಎರಡೆರಡು ಸಲ ಹೇಳಿ ಹಾಡುವುದು ಸಿಕ್ಕರೆ ಒಮ್ಮೆ ಕೇಳಿ.

ಈಗ ನಿಮ್ಮ ಮಗಳು. ಅವಳಿಗೆ ಮನಸ್ಸು, ಅಹಂಕಾರ ಅಂತೆಲ್ಲ ಹೇಳಲು ಹೋಗಬೇಡಿ, ಬೇಜಾರಾಗುತ್ತದೆ. "ನುಂಗಲ್ಲ ಪುಟ್ಟಿ, ಇದು ಒಗಟಿನ ಹಾಡು" ಅನ್ನಿ. ಯಾವ ಸಾಲು ನಿಜವಾಗಿ ಆಗುತ್ತದೆ, ಯಾವುದು ಆಗುವುದೇ ಇಲ್ಲ ಅಂತ ಅವಳಿಂದಲೇ ಬೇರೆ ಮಾಡಿಸಿ. ಒಳ್ಳು, ಬೀಸುಕಲ್ಲು ಮನೆಯಲ್ಲಿ ಇಲ್ಲದಿದ್ದರೆ ವಿಡಿಯೋ ತೋರಿಸಿ, ಕುಣಿ ಮಗ್ಗದ್ದಂತೂ ತೋರಿಸಲೇಬೇಕು. ಆಮೇಲೆ ಕೇಳಿ, ನೀನು ಚಿತ್ರ ಬರೆಯುತ್ತಾ ಕೂತಾಗ ಅಮ್ಮ ಊಟಕ್ಕೆ ಕರೆದದ್ದು ನಿನಗೆ ಯಾಕೆ ಕೇಳಿಸುವುದಿಲ್ಲ ಅಂತ. ಅಷ್ಟು ಸಾಕು, ಉಳಿದದ್ದು ಅವಳಿಗೆ ಅರ್ಥ ಆಗುತ್ತದೆ.

ಇನ್ನೊಂದು. ವೇದಿಕೆಯ ಮೇಲೆ ಸುಮಾರು ಮಕ್ಕಳು "ಕೊಡಗಿನ ಕೋಳಿ" ಅಂತ ಹಾಡುವುದನ್ನು ಕೇಳಿದ್ದೇನೆ, ಮಡಿಕೇರಿಯಿಂದ ಬಂದ ಕೋಳಿ ಅನ್ನುವ ಹಾಗೆ. "ಕೋ" ದೀರ್ಘ, "ಕೋಡಗನ" ಅಂದರೆ ಕೋಡಗನನ್ನು, ಅಂದರೆ ಮಂಗನನ್ನು. ಅದೊಂದನ್ನು ಅವಳಿಗೆ ತಿದ್ದಿಕೊಡಿ. ಕೊನೆಯ ನುಡಿಯನ್ನು ಸಮಯ ಸಾಲದು ಅಂತ ಶಾಲೆಯವರು ಬಿಡಿಸಿದ್ದರೆ, ಮೇಷ್ಟ್ರಿಗೆ ಹೇಳಿ ಬೇರೆ ಯಾವುದಾದರೂ ನುಡಿ ಬಿಡಿಸಿ, ಅದನ್ನು ಇರಿಸಿಕೊಳ್ಳಿ.